ಗೋಡೆಯ ಮೇಲಿನ ಎರಡು ಗೂಟ

ನಾನು ಹೇಳುವುದನ್ನು ನಂಬಬೇಡಿ. ಕೈಲಾದರೆ ನಂಬದೇ ಇದ್ದು ತೋರಿಸಿ, ನೋಡೋಣ. ನಿಜಾಮರ ಕಾಲದಲ್ಲಿ, ನನ್ನ ಹದಿಮೂರನೆಯ ವಯಸ್ಸಿನಲ್ಲಿ, ಪೊಲೀಸ್ ಅಮೀನ್ ಸಾಹೇಬರ ಕೆಂಪು ರೂಮಿ ಟೋಪಿಯನ್ನು ಅವರ ಮೇಜಿನ ಮೇಲಿಂದ ಎಗರಿಸಿ ನಮ್ಮ ಟಗರಿನ ಕೊಂಬುಗಳ ನಡುವೆ ಕೂರಿಸಿದವನು ನಾನು. ಕುಚ್ಚು ತೂಗಾಡಿಸುತ್ತ ಟಗರು ಚಾವಡಿಯ ಮುಂದೆ ಹಾದುಹೋದಾಗ ಕಣ್ಣು ಮಂಜಾಗಿದ್ದ ಮುದಿ ಜವಾನ ಎದ್ದು ನಿಂತು ಸಲಾಂ ಹೊಡೆದ. ಟಗರು ತಿರುಗಿ ಕೂಡ ನೋಡಲಿಲ್ಲ. ಆ ವಿಷಯದಲ್ಲಿ ಅದೂ ಅಮೀನ್ ಸಾಹೇಬರಂತೆಯೇ. ಇನ್ನೊಂದು ಸಲ ಉರ್ದು ಶಾಲೆಯ ತಡಿಕೆಯ ಹಿಂದೆ ನಿಂತು ಮಾಸ್ತರರ ದನಿಯಲ್ಲೇ ‘ಛುಟ್ಟಿ!’ ಎಂದು ಕೂಗಿದೆ. ಹುಡುಗರೆಲ್ಲ ಓಡಿದರು. ಮಾಸ್ತರರಿಗೆ ಅದನ್ನು ತಾವೇ ಹೇಳಿದೆವೋ ಏನೋ ಎಂಬ ಅನುಮಾನ ಹುಟ್ಟಿ ಕೊನೆಗೆ ಅವರೂ ಮನೆಗೆ ಹೋದರು. ನಾರಾಯಣಖೇಡದಿಂದ ನಾಗಲಗಿದ್ದದ ತನಕ ಯಾರ ದನಿ ಬೇಕು ಹೇಳಿ, ಯಾರ ನಡಿಗೆ ಬೇಕು ಹೇಳಿ, ಅದು ನನ್ನ ಗಂಟಲಲ್ಲಿ, ನನ್ನ ಮೊಣಕಾಲಲ್ಲಿ ಇತ್ತು. ಇದು ಜಂಬವಲ್ಲ. ಜಂಬವೇ ಅಂತಿಟ್ಟುಕೊಳ್ಳಿ, ಆದರೂ ಖರೆ.

ಇದೆಲ್ಲ ಈಗ ಎದ್ದು ಬಂದದ್ದು ಒಂದು ವಾಸನೆಯಿಂದ. ಮೊನ್ನೆ ಜಹೀರಾಬಾದಿನ ನಮ್ಮ ಮನೆಯಲ್ಲಿ ಸೊಸೆ ಟ್ರಂಕು ತೆಗೆದು ಹಳೆಯ ಬಟ್ಟೆಯನ್ನೆಲ್ಲ ಅಂಗಳದ ತಂತಿಗೆ ಹಾಕಿದ್ದಳು. ಮಧ್ಯಾಹ್ನ ಹೇಳದೆ ಕೇಳದೆ ಮಳೆ ಬಂತು. ಎಲ್ಲವನ್ನೂ ಒಳಗೆ ಎಳೆದುಕೊಳ್ಳುವಷ್ಟರಲ್ಲಿ ಕೆಂಪು ಅಂಚಿನ ಒಂದು ಕರಿಯ ಕಂಬಳಿ ಪೂರಾ ನೆನೆದುಹೋಯಿತು. ಒದ್ದೆ ಉಣ್ಣೆಯ ಕುರಿವಾಸನೆ, ಅದರ ಅಡಿಯಿಂದ ನಿಧಾನವಾಗಿ ಮೇಲೆದ್ದ ಹುಣಸೆ ಬೀಜದ ಗಂಜಿಯ ಹುಳಿಮಿಶ್ರಿತ ಕಮಟು. ನೇಯ್ದ ಕಂಬಳಿಗೆ ಬಿಗಿ ಬರಲೆಂದು ಅದೇ ಗಂಜಿಯನ್ನು ಬಳಿಯುತ್ತಿದ್ದರು. ಇಷ್ಟು ವರ್ಷ ಮಡಿಕೆಯೊಳಗೆ ಸುಮ್ಮನೆ ಮಲಗಿದ್ದ ಆ ವಾಸನೆ ನನ್ನನ್ನು ಪಡಸಾಲೆಯಲ್ಲಿ ನಿಂತಲ್ಲೇ ನಿಲ್ಲಿಸಿತು. ನನ್ನ ಪಕ್ಕದಲ್ಲಿ ಮೊಮ್ಮಗ ನಿಂತಿದ್ದ. ಹದಿನೈದರ ಹುಡುಗ. ಒಂದು ವರ್ಷದಿಂದ ಅವನು ಮನೆಯಲ್ಲಿ ಮಾತು ಬಿಟ್ಟಿದ್ದಾನೆ. ಬಾಗಿಲು ಹಾಕಿಕೊಳ್ಳುತ್ತಾನೆ, ತಟ್ಟೆ ದೂಡುತ್ತಾನೆ, ಅಪ್ಪ ಒಂದಂದರೆ ಹತ್ತು ಸಿಡಿಯುತ್ತಾನೆ. ಏನು ಮಾಡಬೇಕೆಂದು ಅವನ ಅಪ್ಪ ಅಮ್ಮ ನನ್ನನ್ನು ಕೇಳುತ್ತಾರೆ. ಯಾರನ್ನು ನೋಡಿ! ನನ್ನನ್ನು.

ನಮ್ಮ ಊರು ನಾಗಲಗಿದ್ದದ ಹತ್ತಿರ. ಕುರಿ ಸಾಕುವ, ಕಂಬಳಿ ನೇಯುವ ಮನೆ. ಮಣ್ಣಿನ ದಪ್ಪ ಗೋಡೆ. ಪಡಸಾಲೆಯ ಒಂದು ಮೂಲೆಯಲ್ಲಿ ನೆಲ ಅಗೆದು ಕೂರಿಸಿದ ಮಗ್ಗ, ಇನ್ನೊಂದು ಮೂಲೆಯಲ್ಲಿ ಆಳೆತ್ತರದ ಉಣ್ಣೆಯ ರಾಶಿ. ಅಪ್ಪ ಅವ್ವ ಇದ್ದರು, ಆದರೆ ಮನೆ ಅವರದಾಗಿರಲಿಲ್ಲ. ಮಗ್ಗ ದೊಡ್ಡಪ್ಪನದು, ಮನೆ ಆಯಿಯದು. ಆಯಿ ಅಂದರೆ ಅಪ್ಪನ ತಾಯಿ. ಒಣಗಿದ ಹುಣಸೆಹಣ್ಣಿನಂಥ ಸಣ್ಣ ಮುದುಕಿ, ಉಣ್ಣೆಯ ಜಿಡ್ಡು ಹತ್ತಿ ಹತ್ತಿ ಬೆಣ್ಣೆಯಂತಾದ ಬೆರಳು. ದೊಡ್ಡಪ್ಪನಿಗೆ ಒಬ್ಬನೇ ಮಗ, ಮಾಳಪ್ಪ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಹದಿನಾರು ತುಂಬಿತ್ತು. ನಾನು ಅವನನ್ನು ಮಾಳಣ್ಣ ಎನ್ನುತ್ತಿದ್ದೆ. ನಾಲಿಗೆ ಮಡಚಿ ಶಿಳ್ಳೆ ಹೊಡೆಯುವುದನ್ನು, ಬರಿಗೈಯಲ್ಲಿ ಟಗರಿನ ಕೊಂಬು ಹಿಡಿಯುವುದನ್ನು ಕಲಿಸಿದವನು ಅವನೇ. ಅವನು ಮುಂದೆ ನಡೆದರೆ ನಾನು ಅವನ ಹೆಜ್ಜೆಯ ಗುರುತಿನಲ್ಲೇ ನನ್ನ ಹೆಜ್ಜೆ ಇಡುತ್ತಿದ್ದೆ. ಅವನ ಹೆಜ್ಜೆ ಉದ್ದ. ನಾನು ಹಾರಿ ಹಾರಿ ಹೋಗಬೇಕಾಗುತ್ತಿತ್ತು.

ನಮ್ಮ ಮನೆಯಲ್ಲಿ ಒಂದು ರೀತಿ ಇತ್ತು. ನೂತ ನೂಲನ್ನು ಆಯಿ ದೊಡ್ಡ ಲಡಿಯಾಗಿ ಸುತ್ತಿಡುತ್ತಿದ್ದಳು. ಆಮೇಲೆ ಅದನ್ನು ಬಿಚ್ಚಿ ಉಂಡೆ ಮಾಡಬೇಕು. ಅದಕ್ಕೆ ಯಾರಾದರೂ ಎದುರು ಕೂತು ಎರಡೂ ಕೈ ಚಾಚಿ ಲಡಿಯನ್ನು ಮುಂಗೈಗಳಿಗೆ ಹಾಕಿಕೊಂಡು ಬಿಗಿ ಹಿಡಿಯಬೇಕು. ಈ ಕೆಲಸಕ್ಕೆ ಆಯಿ ಹೆಂಗಸರನ್ನು ಕರೆಯುತ್ತಿರಲಿಲ್ಲ, ಚಿಕ್ಕ ಮಕ್ಕಳನ್ನೂ ಕರೆಯುತ್ತಿರಲಿಲ್ಲ. ದನಿ ಒಡೆದು ಮೀಸೆ ಚಿಗುರುವ ವಯಸ್ಸಿನ ಹುಡುಗರನ್ನು ಮಾತ್ರ ಕರೆಯುತ್ತಿದ್ದಳು. ‘ಬಾರೋ, ಕೈ ಹಿಡಿ’ ಎಂದಳೆಂದರೆ ಹೋಗಿ ಕೂರಬೇಕು. ಕೈ ಎರಡೂ ಕಟ್ಟಿಹಾಕಿದಂತೆ. ಏಳುವಂತಿಲ್ಲ, ಮೂಗು ತುರಿಸುವಂತಿಲ್ಲ. ಆಯಿ ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ನಿಮ್ಮ ಮುಖವನ್ನೂ ನೋಡುತ್ತಿರಲಿಲ್ಲ. ಅವಳ ಕಣ್ಣು ಉಂಡೆಯ ಮೇಲೆ. ನೂಲು ಸರ್ ಸರ್ ಎಂದು ನಿಮ್ಮ ಕೈಯಿಂದ ಅವಳ ಕೈಗೆ ಹರಿಯುತ್ತಿತ್ತು. ಅರ್ಧ ಲಡಿ ಮುಗಿಯುವಷ್ಟರಲ್ಲಿ ಯಾಕೋ ಏನೋ, ಹೊಟ್ಟೆಯಲ್ಲಿದ್ದ ಮಾತು ಬಾಯಿಗೆ ಬಂದುಬಿಡುತ್ತಿತ್ತು. ಲಡಿ ಹಿಡಿದು ಆಡಿದ ಮಾತನ್ನು ಯಾರೂ ಎಲ್ಲಿಯೂ ಮತ್ತೆ ಎತ್ತಬಾರದು. ಅಲ್ಲಿಂದ ಎದ್ದಮೇಲೆ ಆಯಿ ಕೂಡ ಏನೂ ಕೇಳದವಳಂತೆ ಇರುತ್ತಿದ್ದಳು. ದೊಡ್ಡಪ್ಪನೂ ಹುಡುಗನಾಗಿದ್ದಾಗ ಅಲ್ಲೇ ಕೂತವನು. ಆಯಿ ಲಡಿ ಹಿಡಿಸಿದ್ದು ಕಂಡರೆ ಅವನೂ ಪಡಸಾಲೆ ಬಿಟ್ಟು ಹೊರಗೆ ಹೋಗುತ್ತಿದ್ದ.

ನನ್ನ ದನಿ ಒಡೆದ ಕಾಲಕ್ಕೆ ನಾನೂ ಕೂತೆ. ಅಮೀನರ ಟೋಪಿ ಕದ್ದ ಗಂಡು, ಆಯಿಯ ಮುಂದೆ ಮೂಗು ಸುರಿಸಿದೆ. ಎಲ್ಲರ ದನಿಯೂ ಬರುವ ನನ್ನ ಗಂಟಲಿಗೆ ನನ್ನ ದನಿಯೇ ಬರುತ್ತಿರಲಿಲ್ಲ. ಬಾಯಿ ತೆರೆದರೆ ಒಂದು ಸಲ ಕೋಳಿ, ಒಂದು ಸಲ ಕೋಣ. ಶಾಲೆಯಲ್ಲಿ ನಗುತ್ತಿದ್ದರು. ‘ಹೂಂ’ ಎಂದಳು ಆಯಿ, ಅಷ್ಟೇ. ಎರಡು ದಿನ ಬಿಟ್ಟು, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ, ‘ಸಿದ್ಯಾ, ನಾಳಿಂದ ಆ ಆಚಿ ಗುಡ್ಡದ ಕುರಿ ನೀನೇ ಕೂಗಿ ಕರೀಬೇಕು ನೋಡು’ ಎಂದಳು. ಆಚೆ ಗುಡ್ಡದಲ್ಲಿ ಕೇಳುವವರು ಯಾರೂ ಇರಲಿಲ್ಲ. ಕುರಿಗಳು ನಗುವುದಿಲ್ಲ. ತಿಂಗಳೊಪ್ಪತ್ತು ಅಲ್ಲಿ ಕೂಗಿ ಕೂಗಿ ನನ್ನ ಗಂಟಲು ಒಂದು ದಡ ಸೇರಿತು. ಅವಳು ಮಾಡಿದ್ದು ಏನೆಂದು ನನಗೆ ಹೊಳೆದದ್ದು ನಲವತ್ತು ವರ್ಷದ ಮೇಲೆ.

ಆ ವರ್ಷ ಮಾಳಣ್ಣ ಕೆಟ್ಟ. ಹಾಗೆಂದು ಮನೆಯವರೆಲ್ಲ ಹೇಳುತ್ತಿದ್ದರು. ಮೊದಲು ಅವನು ಹೀರೋ ಆಗಿದ್ದ. ಹೊಲದಲ್ಲಿ ಕುರಿ ನಿಲ್ಲಿಸಿದ್ದಾಗ ಒಂದು ಬೆಳಗಿನ ಜಾವ ತೋಳ ಬಂದಿತ್ತು. ದೊಡ್ಡಪ್ಪ ಹಳ್ಳಕ್ಕೆ ಹೋಗಿದ್ದ; ಕುರಿ ಕೂಡಿದ ದಡ್ಡಿಯಲ್ಲಿ ಇವನೊಬ್ಬನೇ. ತೋಳ ಎರಡು ಮರಿ ಒಯ್ದಿತು, ಆದರೆ ಇವನು ಕೋಲು ಹಿಡಿದು ಮೈಮೇಲೆ ಬಿದ್ದು ಓಡಿಸಿ ಉಳಿದವನ್ನೆಲ್ಲ ಉಳಿಸಿದ ಎಂದು ಊರಿಗೆಲ್ಲ ಸುದ್ದಿಯಾಯಿತು. ಅವನ ಎರಡೂ ತೋಳಿನ ತುಂಬ ಗೀರುಗಳಿದ್ದವು. ದೊಡ್ಡಪ್ಪ ಕಂಗ್ಟಿಯ ತನಕ ಹೋದಲ್ಲೆಲ್ಲ ಅದನ್ನೇ ಹೇಳಿದ. ನಮ್ಮಲ್ಲಿ ತೋಳದ ಎದುರು ನಿಂತ ಹುಡುಗನಿಗೆ ಕೆಂಪು ಅಂಚಿನ ಕಂಬಳಿ ನೇಯ್ದು, ಉಣ್ಣೆ ಕತ್ತರಿಸುವ ದಿನ ಎಲ್ಲರೆದುರು ಹೊದಿಸುತ್ತಾರೆ. ಅಂದಿನಿಂದ ಅವನು ಗಂಡಸು. ದೊಡ್ಡಪ್ಪ ಹಗಲೆಲ್ಲ ಮಗ್ಗದಲ್ಲಿ ಕೂತು ಆ ಕಂಬಳಿ ನೇಯ್ದ. ಅದು ಬೆಳೆದಂತೆಲ್ಲ ಮಾಳಣ್ಣ ಸಣ್ಣವನಾಗುತ್ತ ಹೋದ. ಊಟ ಬಿಟ್ಟ. ನೀರಿನ ಕೊಡ ಒದ್ದ. ಮಗ್ಗದ ಕಡೆಗೆ ಬೆನ್ನು ಹಾಕಿ ಕೂರುತ್ತಿದ್ದ. ‘ಸೊಕ್ಕು ಬಂದದ ಇವಂಗ, ಹೆಸರು ಬಂದ ಕೂಡ್ಲೆ ಸೊಕ್ಕು’ ಎಂದು ದೊಡ್ಡಪ್ಪ ಹಗ್ಗ ತೆಗೆದುಕೊಂಡು ಹೊಡೆದ. ಮಾಳಣ್ಣ ಹೊಡೆಸಿಕೊಂಡು ಮತ್ತೆ ಮಗ್ಗಕ್ಕೆ ಬೆನ್ನು ಹಾಕಿ ಕೂತ. ಕತ್ತರಿಸುವ ದಿನಕ್ಕೆ ಎರಡು ದಿನವಿದ್ದಾಗ ನಾನು ತಮಾಷೆಗೆ ಅವನ ನಡಿಗೆ ನಡೆದು ತೋರಿಸಿದೆ. ಎಂದೂ ನನ್ನ ಮೇಲೆ ಕೈ ಎತ್ತದವನು ಕೆನ್ನೆಗೆ ಬಾರಿಸಿದ. ಕೆನ್ನೆಯ ಉರಿ ಆರಿತು, ಉಳಿದದ್ದು ಆರಲಿಲ್ಲ.

ಮರುದಿನ ಮಧ್ಯಾಹ್ನ ನಾನು ಉಣ್ಣೆಯ ರಾಶಿಯೊಳಗೆ ಹೊಕ್ಕು ಕೂತಿದ್ದೆ. ಅವನು ಪಡಸಾಲೆಗೆ ಬಂದ ಕೂಡಲೆ ತೋಳದ ಹಾಗೆ ಗುರ್ ಎಂದು ಮೇಲೆ ಹಾರಬೇಕು, ಅವನು ಹೌಹಾರಬೇಕು. ಇಷ್ಟೇ ನನ್ನ ಹಂಚಿಕೆ. ಅವನು ಬಂದ. ಆದರೆ ಹಿಂದೆಯೇ ಆಯಿ ಬಂದಳು. ‘ಮಾಳ್ಯಾ, ಕೈ ಹಿಡಿ’ ಎಂದಳು. ಆಗಲೇ ನಾನು ಎದ್ದು ಹೋಗಬೇಕಿತ್ತು. ಏಳಲಿಲ್ಲ. ಉಣ್ಣೆ ಮೂಗಿಗೆ ಹೋಗಿ ಸೀನು ಬರುತ್ತಿತ್ತು, ಹಿಡಿದುಕೊಂಡೆ. ನೂಲು ಬಹಳ ಹೊತ್ತು ಸರ್ ಸರ್ ಎಂದಿತು.

‘ಆಯಿ, ನಾ ತ್ವಾಳದ ಮುಂದ ನಿಂತಿಲ್ಲ’ ಎಂದ ಮಾಳಣ್ಣ.

ಆಯಿ ಸುತ್ತುವುದನ್ನು ನಿಲ್ಲಿಸಲಿಲ್ಲ.

‘ಬೇವಿನ ಮರ ಏರಿ ಕುಂತಿದ್ದೆ. ಮರಿ ಒದರ್ಲತ್ತಿದ್ವು. ನನಗ ಇಳಿಯಾಕ ಆಗ್ಲಿಲ್ಲ. ಧೋತರ ಒದ್ದಿ ಆಗಿತ್ತು. ಅಪ್ಪನ ದನಿ ಕೇಳಿದ ಮ್ಯಾಲ ಇಳಿದೆ. ಜಾಲಿಮುಳ್ಳಿಲೆ ನಾನೇ ಕೈ ಗೀರ್ಕೊಂಡೆ.’

‘ಹೂಂ.’

‘ಆ ಕಂಬಳಿ ನನಗ ಬ್ಯಾಡ.’

‘ನಿಮ್ಮ ಮುತ್ಯಾನೂ ಮರ ಏರಿದ್ದ’ ಎಂದಳು ಆಯಿ. ‘ನನಗ ಮದಿವಿ ಆಗಿ ಹತ್ತು ವರ್ಷಕ್ಕ ಹೇಳ್ದ. ನೀ ಅಷ್ಟ ದಿನ ಹೊರಬ್ಯಾಡ. ನೀನೇ ನಿಮ್ಮಪ್ಪಗ ಹೇಳು. ನಾ ಬಾಜೂಕ ಕುಂದ್ರತೀನಿ.’

‘ಹೊಡೀತಾನ.’

‘ಹೊಡೀಲಿ. ಹೊಡೆದು ಮುಗಿಸ್ತಾನ. ಇದು ಹಂಗಲ್ಲ, ಇದು ಮುಗಿಯಂಗಿಲ್ಲ.’

ಮತ್ತೆ ನೂಲು ಹರಿಯಿತು. ಲಡಿ ತೀರುವ ಹೊತ್ತಿಗೆ ಮಾಳಣ್ಣ ಹೇಳಿದ, ‘ನಾಳಿ ಉಣ್ಣಾಕ ಕುಂತಾಗ ಹೇಳ್ತೀನಿ ಆಯಿ. ಕಂಬಳಿ ತರೋ ಮುಂಚೆ.’ ಅವನ ದನಿ ಆಗ ಹೇಗಿತ್ತೆಂದರೆ, ಅದು ನನಗೆ ಗುರುತಿದ್ದ ಹಳೆಯ ಮಾಳಣ್ಣನ ದನಿ. ಎಷ್ಟೋ ತಿಂಗಳ ಮೇಲೆ ಕೇಳಿದ್ದೆ.

ಉಣ್ಣೆ ಕತ್ತರಿಸುವ ದಿನ ಅಕ್ಕಪಕ್ಕದ ಊರಿನವರೆಲ್ಲ ಕತ್ತರಿ ಹಿಡಿದು ಬರುತ್ತಿದ್ದರು. ಕೂಲಿಯ ಮಾತಿಲ್ಲ, ಇವತ್ತು ನಮ್ಮದು, ನಾಳೆ ಅವರದು. ಬೇವಿನ ನೆರಳಲ್ಲಿ ಸಾಲಾಗಿ ಕೂತು, ತೊಳೆದ ಕುರಿಯನ್ನು ತೊಡೆಯ ಮೇಲೆ ಕೆಡವಿಕೊಂಡು ಕಚಕ್ ಕಚಕ್ ಎನ್ನಿಸುತ್ತಿದ್ದರು. ಒಲೆಯ ಮೇಲೆ ಹುಗ್ಗಿ ಕುದಿಯುತ್ತಿತ್ತು, ರೊಟ್ಟಿ ಬಡಿಯುವ ಸದ್ದು ಎಡೆಬಿಡದೆ ಬರುತ್ತಿತ್ತು. ದೊಡ್ಡಪ್ಪನ ಪಕ್ಕದಲ್ಲಿ ಕೆಂಪು ಅಂಚಿನ ಕಂಬಳಿ ಮಡಚಿ ಇಟ್ಟಿತ್ತು, ಗಂಜಿಯ ವಾಸನೆ ಇನ್ನೂ ಹಸಿಯಾಗಿತ್ತು. ಯಾರೋ ಹಿರಿಯರು, ‘ಏ ಸಿದ್ಯಾ, ಒಂದು ಸ್ವಾಂಗು ಮಾಡೋ, ಕೈ ಹಗುರ ಆಗ್ಲಿ’ ಎಂದರು. ನಾನು ಅಮೀನ್ ಸಾಹೇಬರನ್ನು ಮಾಡಿದೆ, ನಕ್ಕರು. ಮಾಸ್ತರರನ್ನು ಮಾಡಿದೆ, ನಕ್ಕರು. ‘ಇನ್ನೊಂದು!’ ಎಂದರು. ನಗುವವರು ಎದುರಿಗಿದ್ದರೆ ನನಗೆ ಮೈಮೇಲೆ ಬಂದಂತಾಗುತ್ತದೆ, ಆಗಲೂ, ಈಗಲೂ. ನನ್ನ ಕೆನ್ನೆ ನೆನಪಾಯಿತು. ನಾನು ಓಡಿಹೋಗಿ ಬೇವಿನ ಮರ ಹತ್ತಿದೆ. ಕೊಂಬೆ ತಬ್ಬಿಕೊಂಡು ಮಾಳಣ್ಣನ ದನಿಯಲ್ಲಿ ‘ಅಪ್ಪಾ, ತ್ವಾಳ! ಅಪ್ಪಾ!’ ಎಂದು ನಡುಗಿದೆ. ಧೋತರ ಹಿಂಡಿದೆ. ಇಳಿದು ಬಂದು ಮುಳ್ಳಿನಿಂದ ತೋಳು ಗೀರಿಕೊಂಡು ‘ಹಿಡಿದು ಬಡಿದೆ ನೋಡ್ರಿ’ ಎಂದು ಎದೆ ಉಬ್ಬಿಸಿದೆ. ಅದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಏನನ್ನೂ ಮಾಡಿಲ್ಲ.

ಎಲ್ಲರಿಗಿಂತ ಜೋರಾಗಿ ನಕ್ಕವನು ದೊಡ್ಡಪ್ಪ. ಮಗನನ್ನು ಕಂಡರೆ ಹೊಟ್ಟೆಕಿಚ್ಚು ಈ ಹುಡುಗನಿಗೆ ಎಂದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕ. ನಗುತ್ತ ನಗುತ್ತ ಮಗನ ಕಡೆಗೆ ತಿರುಗಿದ. ಮಾಳಣ್ಣನ ಮುಖ ನೋಡಿದ. ನಗು ಅಲ್ಲಿಗೇ ನಿಂತಿತು. ಒಬ್ಬೊಬ್ಬರದೇ ನಿಂತು, ಕೊನೆಗೆ ಒಲೆಯ ಹತ್ತಿರ ರೊಟ್ಟಿ ಬಡಿಯುವ ಸದ್ದೂ ನಿಂತಿತು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ದೊಡ್ಡಪ್ಪ ಕಂಬಳಿಯನ್ನು ತೆಗೆದು ತನ್ನ ಇನ್ನೊಂದು ಬದಿಗೆ ಇಟ್ಟುಕೊಂಡ, ಅಷ್ಟೇ. ಮಾಳಣ್ಣ ತಲೆ ತಗ್ಗಿಸಿ ತೊಡೆಯ ಮೇಲಿದ್ದ ಕುರಿಯನ್ನು ಪೂರ್ತಿ ಕತ್ತರಿಸಿದ. ಹೊಟ್ಟೆಯ ಕೆಳಗಿನ ತೆಳು ಚರ್ಮಕ್ಕೆ ಒಂದು ಗೀರೂ ಬೀಳದಂತೆ ನಿಧಾನವಾಗಿ ಕತ್ತರಿಸಿದ. ಕುರಿಯನ್ನು ಎತ್ತಿ ನಿಲ್ಲಿಸಿ ಬೆನ್ನು ತಟ್ಟಿ ಬಿಟ್ಟ. ಕತ್ತರಿ ಒರೆಸಿಟ್ಟ. ಕೈ ತೊಳೆದುಕೊಂಡು ಕೋಲು ತೆಗೆದುಕೊಂಡು ಹೊಲದ ಬದುವಿನ ಮೇಲೆ ನಡೆದುಹೋದ. ಆಯಿ ಒಲೆಯ ಬಳಿಯಿಂದ ಎದ್ದು ಬರುವಷ್ಟರಲ್ಲಿ ಜೋಳದ ಹೊಲದಾಚೆ ಅವನ ತಲೆ ಮಾತ್ರ ಕಾಣುತ್ತಿತ್ತು. ‘ಉಣ್ಣಾಕ ಬರ್ತಾನ ತಗೋ’ ಎಂದರು ಯಾರೋ. ಹುಗ್ಗಿ ಅವನ ಪಾಲಿನದು ಸಂಜೆಯ ತನಕ ಮುಚ್ಚಿಟ್ಟಿತ್ತು.

ಕಂಗ್ಟಿಯಲ್ಲಿ ಹುಡುಕಿದರು, ಜಹೀರಾಬಾದಿನಲ್ಲಿ ಹುಡುಕಿದರು. ಎಂಟು ದಿನಕ್ಕೆ, ತಾಂಡೂರಿನ ರೈಲು ಸ್ಟೇಷನ್ನಿನಲ್ಲಿ ಕೋಲು ಹಿಡಿದ ಕುರುಬರ ಹುಡುಗ ಕಂಡಿದ್ದನೆಂದು ಯಾರೋ ಬಂದು ಹೇಳಿದರು. ದೊಡ್ಡಪ್ಪ ಹೊರಟ. ಆಯಿ ಹೊರಟಳು. ನನ್ನ ತೋಳು ಹಿಡಿದು, ‘ನೀನೂ ನಡಿ. ನಿನಗ ಎಲ್ಲಾರ ಭಾಷಾನೂ ಬರ್ತದಲ್ಲ’ ಎಂದಳು. ಆ ಘಟನೆಯ ಬಗ್ಗೆ ಅವಳು ನನಗೆ ಆಡಿದ ಮಾತು ಅದೊಂದೇ. ತಾಂಡೂರಿನಲ್ಲಿ ನಾನು ಉರ್ದುವಿನಲ್ಲಿ ಕೇಳಿದೆ, ತೆಲುಗಿನಲ್ಲಿ ಕೇಳಿದೆ. ಸಾಮಾನು ಹೊರುವ ಒಬ್ಬ ಮುದುಕ ಗೋದಾಮಿನ ಮೂಲೆಯಿಂದ ಕೋಲು ತಂದು ಕೊಟ್ಟ. ಮಾಳಣ್ಣನದೇ. ‘ಪೂರಾ ಒಂದು ದಿನ ಇಲ್ಲೇ ಕುಂತಿದ್ದ ಬೇಟಾ. ಕೋಲು ಇಟ್ಕೋ ಚಾಚಾ, ನಮ್ಮವರು ಬರ್ತಾರ ಅಂದ. ಯಾವ ಗಾಡಿ ಹತ್ತಿದ್ನೋ, ಕಿಧರ್ ಗಯಾ, ಖುದಾಗೇ ಗೊತ್ತು’ ಎಂದ. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಅಗತ್ಯವಿರಲಿಲ್ಲ, ಆದರೂ ಹೇಳಿದೆ.

ದೊಡ್ಡಪ್ಪ ಕೋಲು ಹಿಡಿದು ಪ್ಲಾಟ್‌ಫಾರ್ಮಿನ ಅಂಚಿಗೆ ಹೋಗಿ ನಿಂತ. ಹಳಿ ಒಂದು ಕಡೆ ವಾಡಿಗೆ ಹೋಗುತ್ತದೆ, ಇನ್ನೊಂದು ಕಡೆ ವಿಕಾರಾಬಾದಿಗೆ. ಅತ್ತ ನೋಡಿದ, ಇತ್ತ ನೋಡಿದ. ತಪ್ಪಿಸಿಕೊಂಡ ಕುರಿಯನ್ನು ಹುಡುಕುವುದೊಂದೇ ಅವನಿಗೆ ಗೊತ್ತಿದ್ದ ವಿದ್ಯೆ. ಬಾಯಿಗೆ ಕೈ ಅಡ್ಡ ಹಿಡಿದು ವಾಡಿಯ ಕಡೆಗೆ ‘ಹುರ್ರ್‌ರ್... ಹೋಯ್!’ ಎಂದು ಗುಡ್ಡದಲ್ಲಿ ಕುರಿ ಕರೆಯುವ ಕೂಗು ಹಾಕಿದ. ಸ್ವಲ್ಪ ಕಾದ. ಆಮೇಲೆ ತಿರುಗಿ ವಿಕಾರಾಬಾದಿನ ಕಡೆಗೆ ಅದನ್ನೇ ಕೂಗಿದ. ಗಾಡಿಗೆ ಕಾದು ಕೂತಿದ್ದ ಜನರೆಲ್ಲ ಹೊಟ್ಟೆ ಹಿಡಿದು ನಕ್ಕರು. ಒಬ್ಬನಂತೂ ಅವನಂತೆಯೇ ಬಾಯಿಗೆ ಕೈ ಇಟ್ಟು ಕೂಗಿ ತೋರಿಸಿದ, ಚೆನ್ನಾಗಿಯೇ ಮಾಡಿದ. ದೊಡ್ಡಪ್ಪನಿಗೆ ಅದು ಕೇಳಿಸಲಿಲ್ಲ, ಇನ್ನೊಂದು ಸಲ ವಾಡಿಯ ಕಡೆಗೆ ತಿರುಗಿದ. ನಾನು ಎಲ್ಲಿ ನೋಡಬೇಕೋ ತಿಳಿಯದೆ ಹಳಿಯ ನಡುವಿನ ಕಲ್ಲು ನೋಡುತ್ತ ನಿಂತೆ. ಆಯಿ ಸೆರಗಿನಲ್ಲಿ ಕಟ್ಟಿ ತಂದಿದ್ದ ರೊಟ್ಟಿಯನ್ನು ಕೋಲು ಕೊಟ್ಟ ಮುದುಕನ ಕೈಗಿಟ್ಟು, ‘ಅಂವ ಬಂದ್ರ ಕೊಡ್ರಿ’ ಎಂದಳು.

ಊರಿಗೆ ಬಂದ ಮರುದಿನ ಆಯಿ ಪಡಸಾಲೆಯ ಗೋಡೆಗೆ, ಕೂತವರ ಎದೆಯೆತ್ತರಕ್ಕೆ, ಎರಡು ಗೂಟ ಹೊಡೆದಳು. ಚಾಚಿದ ಎರಡು ಕೈಗಳ ನಡುವೆ ಎಷ್ಟು ಅಂತರವೋ ಅಷ್ಟು ಅಂತರ. ಅಲ್ಲಿಂದ ಮುಂದೆ ಲಡಿಯನ್ನು ಅವಕ್ಕೆ ಸಿಕ್ಕಿಸಿ, ಗೋಡೆಗೆ ಎದುರಾಗಿ ಕೂತು ಒಬ್ಬಳೇ ಸುತ್ತಿಕೊಳ್ಳುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ಸುಳಿದಾಡುತ್ತಿದ್ದೆ, ಕೈ ಖಾಲಿ ಇಟ್ಟುಕೊಂಡು. ದೊಡ್ಡಪ್ಪ ಮಗ್ಗಕ್ಕೆ ಇಳಿಯಲಿಲ್ಲ. ಅದರ ಗುಂಡಿಯಲ್ಲಿ ಕೋಳಿ ಮೊಟ್ಟೆಯಿಟ್ಟಿತು. ಕುರಿಗಳು ಒಂದೊಂದಾಗಿ ಬೇರೆಯವರ ದಡ್ಡಿಗೆ ಹೋದವು. ಮೂರು ವರ್ಷದ ಮೇಲೆ ಆಯಿ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ನನ್ನನ್ನು ಕರೆದಳು. ‘ಸಿದ್ಯಾ, ಬಾರೋ, ಕೈ ಹಿಡಿ’ ಎಂದಳು. ನಾನು ಕೂತು ಲಡಿ ಹಾಕಿಕೊಂಡೆ. ಉಣ್ಣೆಯ ರಾಶಿಯಲ್ಲಿ ಕೂತದ್ದು, ಕೆನ್ನೆಯ ಏಟು, ಅವನು ಉಣ್ಣಲು ಕೂತಾಗ ಹೇಳುವವನಿದ್ದಾನೆಂದು ಗೊತ್ತಿದ್ದೂ ಒಂದು ತಾಸು ಮೊದಲೇ ಸ್ವಾಂಗು ಮಾಡಿದ್ದು, ಎಲ್ಲ ಹೇಳಿದೆ. ಅವಳು ಉಂಡೆ ನೋಡುತ್ತಲೇ, ‘ನಿನಗೂ ಆಗ ಹದಿನಾಲ್ಕೇ ಅಲ್ಲೇನೋ’ ಎಂದಳು.

ಮಾಳಣ್ಣ ಬರಲಿಲ್ಲ. ನಿಜಾಮರು ಹೋದರು, ಜಿಲ್ಲೆಗಳು ಹರಿದು ಹಂಚಿಹೋದವು, ಆ ಮನೆಯ ಗೋಡೆ ಬಿತ್ತು. ಯಾರೂ ಹೊದೆಯದ ಕಂಬಳಿ ನನ್ನ ಟ್ರಂಕಿಗೆ ಬಂತು. ಮೊನ್ನೆ ಅದನ್ನು ಹಿಂಡುವಾಗ ಮಗನಿಗೆ ಹೇಳಿದೆ: ಹುಡುಗನನ್ನು ಏನೂ ಕೇಳಬೇಡ, ಕೈಗೆ ಏನಾದರೂ ಕೆಲಸ ಕೊಡು, ಅವನ ಮುಖ ನೋಡಬೇಡ, ಹೇಳಿದ್ದನ್ನು ನುಂಗಿಕೋ. ನನಗೆ ಗೊತ್ತಿರುವುದು ಇಷ್ಟೇ. ಊಟಕ್ಕೆ ಬಂದಿದ್ದ ಮಗನಿಗೆ ಆಫೀಸಿಗೆ ಮರಳುವ ಹೊತ್ತಾಗಿತ್ತು. ಹಾಗಾಗಿ ಮೊಮ್ಮಗನಿಗೆ ಕಂಬಳಿಯ ಒಂದು ತುದಿ ನಾನೇ ಹಿಡಿಸಿದೆ. ಇಬ್ಬರೂ ಎರಡು ತುದಿ ಹಿಡಿದು ತಿರುಚಿದೆವು; ನೀರು ಕರ್ರಗೆ ಇಳಿಯಿತು. ನಾನು ನೀರನ್ನೇ ನೋಡುತ್ತಿದ್ದೆ. ‘ಮುತ್ಯಾ...’ ಎಂದ. ಎಷ್ಟು ತಿಂಗಳಾಗಿತ್ತೋ ಆ ದನಿ ಕೇಳಿ. ‘ಮುತ್ಯಾ, ನನಗ ಶಾಲೀಲಿ...’ ಎಂದು ತಲೆಯೆತ್ತಿ ನನ್ನ ಮುಖ ನೋಡಿದ. ಹಬ್ಬಕ್ಕೆ ನೆಂಟರೆಲ್ಲ ಕೂಡಿದಾಗ ಅವನ ಅಪ್ಪನ ನಡಿಗೆ, ಅವನ ಅತ್ತೆಯ ಅಳು, ಅವನದೇ ಒಡೆದ ದನಿ, ಎಲ್ಲವನ್ನೂ ಮಾಡಿ ಮನೆಮಂದಿಯನ್ನು ನಗಿಸುವ ಮುಖ ಇದು. ‘ಏನಿಲ್ಲ ಬಿಡು’ ಎಂದ. ಕಂಬಳಿಯ ತುದಿಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಟಗರಿಗೆ ಜವಾನ ಸಲಾಂ ಹೊಡೆದದ್ದು ಖರೆ. ಮಾಸ್ತರರು ಮನೆಗೆ ಹೋದದ್ದು ಖರೆ. ದೊಡ್ಡಪ್ಪ ಸ್ಟೇಷನ್ನಿನಲ್ಲಿ ಕೂಗಿದ್ದು ಖರೆ, ಜನ ನಕ್ಕದ್ದು ಖರೆ. ಇಷ್ಟರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ. ಹಾಸಿಗೆ ಹಿಡಿದ ಮೇಲೂ ಆಯಿ ನನ್ನನ್ನು ಮತ್ತೆ ಕರೆಯಲಿಲ್ಲ. ಕೊನೆಯ ಲಡಿಯೂ ಆ ಎರಡು ಗೂಟದ ಮೇಲೆಯೇ ಅರ್ಧ ಬಿಚ್ಚಿದಂತೆ ಇತ್ತು.